ಹಿಂದಿನ ಸ್ಪೀಕರು ಮೌನವಾಗಿರುವುದೇಕೆ? ಸರೌಂಡ್ ಸಂಗೀತದ ಡಿಸ್ಕನ್ನು ಮನೆಯಲ್ಲಿ ಕೇಳುವ ಬಗೆ

ಕಾರವಾರದ ಕೋಡಿಬಾಗದಲ್ಲಿರುವ ನನ್ನ ಬಂಧುಗಳ ಮಗ ಸರಕು ಹಡಗಿನಲ್ಲಿ ಕೆಲಸ ಮಾಡುತ್ತಾನೆ. ಕಳೆದ ಸಲ ರಜೆಗೆ ಬಂದಾಗ, ಹೊರದೇಶದ ಬಂದರೊಂದರ ಹಳೆ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ರಟ್ಟಿನ ಪೆಟ್ಟಿಗೆಯ ತುಂಬ ಸಂಗೀತದ ಡಿಸ್ಕುಗಳನ್ನು ತಂದಿದ್ದ. ಸಿನಿಮಾ ನೋಡಲೆಂದು ಕೊಂಡ ಐದು ಸ್ಪೀಕರು, ಒಂದು ಬಾಸ್ ಪೆಟ್ಟಿಗೆ, ಧ್ವನಿಯನ್ನು ಸ್ಪೀಕರುಗಳಿಗೆ ಹಂಚುವ ರಿಸೀವರ್ ಮತ್ತು ಬ್ಲೂ-ರೇ ಪ್ಲೇಯರ್ ಆ ಮನೆಯಲ್ಲಿ ಮೊದಲೇ ಇದ್ದವು. ಡಿಸ್ಕಿನ ಹೊದಿಕೆಯ ಮೇಲೆ ‘ಮಲ್ಟಿ ಚಾನೆಲ್’ ಎಂದು ಅಚ್ಚಾಗಿದ್ದರೂ ಹಾಡು ಬಂದದ್ದು ಎದುರಿನ ಎರಡು ಸ್ಪೀಕರಿನಿಂದ ಮಾತ್ರ. ಹಿಂದಿನವು ಸುಟ್ಟಿರಬೇಕೆಂದು ತೀರ್ಮಾನಿಸಿ, ಅವನ್ನು ಗೋಡೆಯಿಂದ ಬಿಚ್ಚಿ ರಿಪೇರಿಗೆ ಒಯ್ಯುವ ಹೊತ್ತಿಗೆ ನನಗೆ ಫೋನು ಬಂತು.

ಯಾವ ಸ್ಪೀಕರೂ ಸುಟ್ಟಿರಲಿಲ್ಲ. ಡಿಸ್ಕಿನಲ್ಲಿದ್ದ ಸರೌಂಡ್ ಧ್ವನಿ, ಅಂದರೆ ಕೇಳುಗನ ಸುತ್ತಲಿಂದ ಬರುವಂತೆ ಬರೆದ ಧ್ವನಿ, ಸ್ಪೀಕರನ್ನು ಮುಟ್ಟುವ ಮೊದಲೇ ದಾರಿಯಲ್ಲಿ ನಿಂತುಹೋಗಿತ್ತು. ಹೊಸ ಟೀವಿ ಮತ್ತು ಸೌಂಡ್‌ಬಾರಿನ ಪೆಟ್ಟಿಗೆಗಳ ಮೇಲೆಲ್ಲ ಈಗ ‘ಸರೌಂಡ್’, ‘ಅಟ್ಮಾಸ್’ ಎಂಬ ಪದಗಳು ಕಾಣುತ್ತಿರುವುದರಿಂದ, ಶಿರಸಿಯಲ್ಲಿ ನಮ್ಮ ಓಣಿಯವರೂ ಇದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಆದ್ದರಿಂದ ಈ ಧ್ವನಿ ಹುಟ್ಟುವ ಬಗೆಯಿಂದ ಹಿಡಿದು, ಅದು ನಮ್ಮ ಚಾವಡಿಯ ತನಕ ಬರುವ ದಾರಿಯಲ್ಲಿ ಎಲ್ಲೆಲ್ಲಿ ಎಡವುತ್ತದೆ ಎನ್ನುವವರೆಗೆ ಇಲ್ಲಿ ವಿವರಿಸಿದ್ದೇನೆ.

ಎರಡು ಕಿವಿಗೆ ಎರಡು ಸ್ಪೀಕರು ಸಾಲದೇ?

ಆಷಾಢದ ಮಳೆಯಲ್ಲಿ ಹೆಂಚಿನ ಮನೆಯ ಜಗಲಿಯ ಮೇಲೆ ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಸೂರಿನ ನೀರು ಎದುರಿಗೆ ಅಂಗಳಕ್ಕೆ ಬೀಳುವುದು, ಎಡಗಡೆ ತೋಟದ ಕಪ್ಪೆಗಳು ವಟಗುಟ್ಟುವುದು, ಬೆನ್ನ ಹಿಂದೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಗುವುದು, ಎಲ್ಲವೂ ತಂತಮ್ಮ ಜಾಗದಿಂದಲೇ ಕೇಳುತ್ತವೆ. ನಮಗಿರುವುದು ಎರಡೇ ಕಿವಿಯಾದರೂ ಮಿದುಳು ಕೆಲವು ಸುಳಿವುಗಳನ್ನು ಹಿಡಿದು ಈ ನಕ್ಷೆಯನ್ನು ಬಿಡಿಸಿಕೊಳ್ಳುತ್ತದೆ. ಎಡಗಡೆಯ ಸದ್ದು ಎಡಗಿವಿಗೆ ತುಸು ಮೊದಲು ತಲುಪುತ್ತದೆ. ಈ ಅಂತರ ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ತಲೆ ನಡುವೆ ಅಡ್ಡ ಇರುವುದರಿಂದ ಬಲಗಿವಿಗೆ ಆ ಸದ್ದು ತುಸು ಮೆಲ್ಲಗೆ ಕೇಳುತ್ತದೆ. ಇನ್ನು ಹೊರಗಿವಿಯ ಮಡಿಕೆಗಳು ಮುಂದಿನ, ಹಿಂದಿನ ಮತ್ತು ಮೇಲಿನ ಸದ್ದುಗಳಿಗೆ ಬೇರೆ ಬೇರೆ ಬಣ್ಣ ಕೊಡುತ್ತವೆ.

ಸ್ಟೀರಿಯೋದಲ್ಲಿ ಎರಡು ಚಾನೆಲ್‌ಗಳಿರುತ್ತವೆ. ಚಾನೆಲ್ ಎಂದರೆ ಒಂದು ಸ್ಪೀಕರಿಗೆಂದೇ ಬೇರೆಯಾಗಿ ಬರೆದಿಟ್ಟ ಧ್ವನಿಯ ಧಾರೆ. ಎರಡೂ ಸ್ಪೀಕರಿನಿಂದ ಒಂದೇ ಪ್ರಮಾಣದಲ್ಲಿ ಹೊರಟ ದನಿ ನಡುವಿನ ಖಾಲಿ ಜಾಗದಿಂದ ಬಂದಂತೆ ಕೇಳುತ್ತದೆ. ಗಾಯಕ ಎದುರಿಗೇ ನಿಂತಂತೆ ಅನಿಸುವುದು ಈ ಭ್ರಮೆಯಿಂದ. ಆದರೆ ಈ ಚಿತ್ರವೆಲ್ಲ ಎದುರಿನ ಎರಡು ಸ್ಪೀಕರುಗಳ ನಡುವಿನ ಕಿಟಕಿಗೆ ಸೀಮಿತ. ಬೆನ್ನ ಹಿಂದಿನ ಪಾತ್ರೆಯ ಸದ್ದನ್ನು ಬೆನ್ನ ಹಿಂದಿನಿಂದಲೇ ಕೇಳಿಸಬೇಕೆಂದರೆ ಅಲ್ಲಿಯೂ ಒಂದು ಸ್ಪೀಕರು ಬೇಕು, ಅದಕ್ಕೆಂದೇ ಬರೆದ ಧಾರೆಯೂ ಬೇಕು.

ಈ ಯೋಚನೆ ಹೊಸದಲ್ಲ. 1970ರ ದಶಕದಲ್ಲಿಯೇ ನಾಲ್ಕು ಚಾನೆಲ್‌ಗಳ ‘ಕ್ವಾಡ್ರಾಫೋನಿಕ್’ ಎಲ್‌ಪಿ ತಟ್ಟೆಗಳು ಬಂದಿದ್ದವು. ಒಂದೊಂದು ಕಂಪನಿ ಒಂದೊಂದು ಪದ್ಧತಿ ಹಿಡಿದು, ಒಬ್ಬರ ತಟ್ಟೆ ಇನ್ನೊಬ್ಬರ ಯಂತ್ರದಲ್ಲಿ ಸರಿಯಾಗಿ ಕೇಳದಂತಾಗಿ, ಆ ದಶಕ ಮುಗಿಯುವುದರೊಳಗೆ ಅದು ಮೂಲೆ ಸೇರಿತು. ಆಗ ನಾಲ್ಕು ಚಾನೆಲ್‌ಗೆಂದು ಸಿದ್ಧಪಡಿಸಿದ ಮೂಲ ಟೇಪುಗಳಲ್ಲಿ ಕೆಲವು ಈಗ ಡಿಸ್ಕಿನ ರೂಪದಲ್ಲಿ ಮರಳಿ ಬರುತ್ತಿವೆ.

5.1 ಎಂಬ ಲೆಕ್ಕ

ಡಿಸ್ಕಿನಲ್ಲಿ ಬಂದ ಬಹುಪಾಲು ಸರೌಂಡ್ ಆಲ್ಬಂಗಳು 5.1 ಚಾನೆಲ್‌ನವು. ಎದುರಿಗೆ ಎಡ, ನಡು, ಬಲ ಎಂದು ಮೂರು, ಹಿಂಬದಿಗೆ ಎಡ, ಬಲ ಎಂದು ಎರಡು, ಒಟ್ಟು ಐದು ಪೂರ್ಣ ಚಾನೆಲ್‌ಗಳು. ಚುಕ್ಕಿಯ ನಂತರದ ಒಂದು, ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನ ಆಳದ ಗುಡುಗಿಗೆಂದು ಮೀಸಲಾದ ಆರನೆಯ ಚಾನೆಲ್. ಶ್ರವಣವ್ಯಾಪ್ತಿಯ ತೀರ ಚಿಕ್ಕ ಪಾಲನ್ನಷ್ಟೇ ಅದು ಹೊರುವುದರಿಂದ ಅದನ್ನು ಪೂರ್ಣ ಸಂಖ್ಯೆಯಾಗಿ ಎಣಿಸುವುದಿಲ್ಲ. ಸಿನಿಮಾದ ಸ್ಫೋಟಗಳಿಗಾಗಿ ಹುಟ್ಟಿದ ಈ ಚಾನೆಲ್ಲನ್ನು ಸಂಗೀತದ ಆಲ್ಬಂಗಳು ಹಲವು ಬಾರಿ ಬಳಸುವುದೇ ಇಲ್ಲ. ಹೊದಿಕೆಯ ಮೇಲೆ 5.0 ಅಥವಾ 4.0 ಎಂದಿದ್ದರೆ ಅದು ಮುದ್ರಣದೋಷವಲ್ಲ.

ಆಟದ ಎದುರಿಗೋ, ಹಿಮ್ಮೇಳದ ನಡುವೆಯೋ

ಹಿಂದಿನ ಸ್ಪೀಕರಿನಲ್ಲಿ ಏನು ಕೇಳಬೇಕು ಎಂಬುದನ್ನು ತೀರ್ಮಾನಿಸುವವರು ಆಲ್ಬಮ್ಮಿನ ಧ್ವನಿ ಹದಮಾಡುವ ತಂತ್ರಜ್ಞರು. ಇದರಲ್ಲಿ ಎರಡು ದಾರಿಗಳಿವೆ, ಎರಡನ್ನೂ ಯಕ್ಷಗಾನದ ಬಯಲಿನಲ್ಲಿ ನಿಂತು ಅರ್ಥಮಾಡಿಕೊಳ್ಳಬಹುದು.

ಮೊದಲನೆಯದು ಪ್ರೇಕ್ಷಕನ ಜಾಗ. ಭಾಗವತರ ಪದ, ಮದ್ದಳೆ, ಚಂಡೆ ಎಲ್ಲವೂ ರಂಗಸ್ಥಳದ ಕಡೆಯಿಂದ, ಅಂದರೆ ಎದುರಿನಿಂದಲೇ ಬರುತ್ತವೆ. ಬೆನ್ನ ಹಿಂದೆ ಇರುವುದು ಬಯಲಿನ ಗಾಳಿ, ದೂರದ ಗುಡ್ಡಕ್ಕೆ ಬಡಿದು ಮರಳುವ ಚಂಡೆಯ ಪ್ರತಿಧ್ವನಿ, ಚಹದಂಗಡಿಯ ಗುಜುಗುಜು. ಪಾಶ್ಚಾತ್ಯ ಶಾಸ್ತ್ರೀಯ ವಾದ್ಯಮೇಳದ ಬಹುತೇಕ ಧ್ವನಿಮುದ್ರಣಗಳು ಈ ದಾರಿಯವು. ಅವುಗಳ ಹಿಂದಿನ ಚಾನೆಲ್‌ಗಳಲ್ಲಿ ಸಭಾಂಗಣದ ಗುಂಗು ಮತ್ತು ಕೊನೆಯ ಚಪ್ಪಾಳೆ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಇಂಥ ಡಿಸ್ಕನ್ನು ಹಾಕಿ, ಹಿಂದಿನ ಸ್ಪೀಕರಿಗೆ ಕಿವಿಯಿಟ್ಟು ‘ಇದು ಕೆಲಸವೇ ಮಾಡುತ್ತಿಲ್ಲ’ ಎಂದುಕೊಳ್ಳುವವರುಂಟು. ಅದನ್ನು ಪರೀಕ್ಷಿಸುವ ಸರಿಯಾದ ಉಪಾಯವೆಂದರೆ, ಹಾಡಿನ ನಡುವೆ ಹಿಂದಿನ ಎರಡನ್ನು ರಿಸೀವರಿನಲ್ಲಿ ಒಮ್ಮೆಲೇ ನಿಲ್ಲಿಸುವುದು. ಸಭಾಂಗಣ ಕುಗ್ಗಿ ಕೋಣೆಯಾದಂತೆ ಅನಿಸಿದರೆ ಅವು ತಮ್ಮ ಕೆಲಸವನ್ನು ಮಾಡುತ್ತಿದ್ದವು ಎಂದರ್ಥ.

ಎರಡನೆಯದು ಹಿಮ್ಮೇಳದ ನಡುವಿನ ಜಾಗ. ಭಾಗವತರ ಮಗ್ಗುಲಲ್ಲೇ ಕುಳಿತವನಿಗೆ ಜಾಗಟೆ ಕಿವಿಯ ಬುಡದಲ್ಲಿ, ಮದ್ದಳೆ ಒಂದು ಪಕ್ಕದಲ್ಲಿ, ಚಂಡೆ ಹೆಗಲ ಹಿಂದೆ ಕೇಳುತ್ತವೆ. ರಾಕ್ ಮತ್ತು ಎಲೆಕ್ಟ್ರಾನಿಕ್ ಸಂಗೀತದ ಹಲವು ಸರೌಂಡ್ ಆಲ್ಬಂಗಳು ಹೀಗೆ ಗಿಟಾರನ್ನೋ ಕೋರಸ್ಸನ್ನೋ ಹಿಂಬದಿಗೆ ಇಡುತ್ತವೆ. ನಾರ್ವೆಯ 2ಎಲ್ ಎಂಬ ಧ್ವನಿಮುದ್ರಣ ಸಂಸ್ಥೆ ಇನ್ನೂ ಮುಂದೆ ಹೋಗಿ, ಚರ್ಚಿನ ನಡುವೆ ಮೈಕುಗಳ ಗುಚ್ಛವನ್ನು ನಿಲ್ಲಿಸಿ ಅದರ ಸುತ್ತಲೂ ವಾದ್ಯಗಾರರನ್ನು ಕೂರಿಸಿ ಮುದ್ರಿಸುತ್ತದೆ. ಅಲ್ಲಿ ಕೇಳುಗನ ಕುರ್ಚಿ ಆ ಮೈಕಿನ ಜಾಗದಲ್ಲಿಯೇ ಇದ್ದಂತೆ. ಚಂಡೆ ಹೆಗಲ ಹಿಂದಿರುವುದು ಹಿತವೋ ಅಲ್ಲವೋ ಎಂಬುದು ಅವರವರ ರುಚಿ. ನನಗಂತೂ ಮೊದಲ ಬಾರಿಗೆ ಡ್ರಮ್ಮು ಬೆನ್ನ ಹಿಂದಿನಿಂದ ಬಂದಾಗ ತಿರುಗಿ ನೋಡದೆ ಇರಲಾಗಲಿಲ್ಲ.

ಒಂದೇ ಅಳತೆಯ ಡಿಸ್ಕು, ಒಳಗೆ ಬೇರೆ ಬೇರೆ

ಸಂಗೀತದ ಡಿಸ್ಕುಗಳೆಲ್ಲ 12 ಸೆಂಟಿಮೀಟರಿನ ಅದೇ ಹೊಳೆಯುವ ತಟ್ಟೆಗಳಾಗಿರುವುದರಿಂದ ಗೊಂದಲ ಇಲ್ಲಿಂದಲೇ ಶುರುವಾಗುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಾಮಾನ್ಯ ಸಿಡಿಯಲ್ಲಿ ಎರಡೇ ಚಾನೆಲ್‌ಗಳು. ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳ, ಅಂದರೆ ಹದಿನಾರು ಸೊನ್ನೆ-ಒಂದುಗಳ, ಅಂಕಿಯಾಗಿ ಬರೆದಿಡುವುದು ಅದರ ಕ್ರಮ. ಅದರಲ್ಲಿ ಸರೌಂಡ್ ಇರುವುದಿಲ್ಲ, ಒಂದು ವಿಚಿತ್ರ ಅಪವಾದವನ್ನು ಬಿಟ್ಟು. ಆ ಅಪವಾದ ಡಿಟಿಎಸ್ ಎಂಬ ಸರೌಂಡ್ ಪದ್ಧತಿಯ ಡಿಟಿಎಸ್ ಸಿಡಿ. ನೋಡಲು ಸಿಡಿಯೇ, ಆದರೆ ಸ್ಟೀರಿಯೋ ಇರಬೇಕಾದ ಜಾಗದಲ್ಲಿ 5.1 ಧ್ವನಿಯನ್ನು ಗುಪ್ತಲಿಪಿಯಂತೆ ಅಡಗಿಸಿಟ್ಟಿರುತ್ತದೆ. ಸಾಮಾನ್ಯ ಸಿಡಿ ಪ್ಲೇಯರಿನಲ್ಲಿ ಹಾಕಿದರೆ ತಗಡಿನ ಮೇಲೆ ಜಡಿಮಳೆ ಹೊಡೆದಂತೆ ಬರೀ ಭೋರ್ಗರೆತ ಕೇಳುತ್ತದೆ. ಡಿಸ್ಕು ಹಾಳಾಗಿದೆಯೆಂದು ಎಸೆಯಬಾರದು. ಡಿಟಿಎಸ್ ಅರಿಯುವ ರಿಸೀವರಿಗೆ ಡಿಜಿಟಲ್ ಕೇಬಲ್ಲಿನಲ್ಲಿ ಕೊಟ್ಟರೆ ಅದೇ ಭೋರ್ಗರೆತ ಹಾಡಾಗುತ್ತದೆ. ಪರೀಕ್ಷಿಸುವಾಗ ಧ್ವನಿಯನ್ನು ತೀರ ತಗ್ಗಿಸಿಡುವುದು ಸ್ಪೀಕರಿಗೂ ಕಿವಿಗೂ ಕ್ಷೇಮ.

ಸೋನಿ ಮತ್ತು ಫಿಲಿಪ್ಸ್ ಸೇರಿ 1999ರಲ್ಲಿ ತಂದದ್ದು ಸೂಪರ್ ಆಡಿಯೋ ಸಿಡಿ, ಅಂದರೆ ಎಸ್‌ಎಸಿಡಿ. ಧ್ವನಿಯನ್ನು ಬರೆಯುವ ಕ್ರಮವೇ ಇದರಲ್ಲಿ ಬೇರೆ. 16 ಬಿಟ್‌ಗಳ ದೊಡ್ಡ ಅಂಕಿಗಳ ಬದಲು, ಸೆಕೆಂಡಿಗೆ 28,22,400 ಬಾರಿ, ಅಂದರೆ ಸಿಡಿಯ 64 ಪಟ್ಟು ವೇಗದಲ್ಲಿ, ಒಂದೇ ಒಂದು ಬಿಟ್ಟನ್ನು ಬರೆಯುತ್ತ ಹೋಗುತ್ತಾರೆ. ಈ ಕ್ರಮಕ್ಕೆ ಡಿಎಸ್‌ಡಿ ಎಂದು ಹೆಸರು. ಎಸ್‌ಎಸಿಡಿಯಲ್ಲಿ ಸ್ಟೀರಿಯೋಗೆ ಒಂದು ವಿಭಾಗ, ಆರು ಚಾನೆಲ್‌ಗಳ ತನಕದ ಸರೌಂಡ್‌ಗೆ ಇನ್ನೊಂದು ವಿಭಾಗ ಇರಬಹುದು. ಎಲ್ಲ ಎಸ್‌ಎಸಿಡಿಗಳಲ್ಲಿಯೂ ಸರೌಂಡ್ ಇರುವುದಿಲ್ಲ ಎಂಬುದನ್ನು ಕೊಳ್ಳುವ ಮೊದಲು ನೆನಪಿಡಬೇಕು. ಹೊದಿಕೆಯ ಹಿಂಬದಿಯಲ್ಲಿ ‘ಮಲ್ಟಿ ಚಾನೆಲ್’ ಎಂಬ ಗುರುತು ಇದ್ದರೆ ಮಾತ್ರ ಇದೆ.

ಬಹುಪಾಲು ಎಸ್‌ಎಸಿಡಿಗಳು ‘ಹೈಬ್ರಿಡ್’, ಅಂದರೆ ಎರಡು ಪದರಿನವು. ಮೇಲುಭಾಗದ ಪದರಿನಲ್ಲಿ ಸಾಮಾನ್ಯ ಸಿಡಿ, ದಪ್ಪದ ನಡುವಿನ ಪದರಿನಲ್ಲಿ ಎಸ್‌ಎಸಿಡಿ. ಸಿಡಿ ಓದುವ ಲೇಸರಿನ ತರಂಗಾಂತರ 780 ನ್ಯಾನೋಮೀಟರ್, ಎಸ್‌ಎಸಿಡಿ ಓದುವುದು 650ರ ಕೆಂಪು ಬೆಳಕು. ನಡುವಿನ ಪದರು ಕೆಂಪು ಬೆಳಕಿಗೆ ಕನ್ನಡಿಯಂತೆ, 780ರ ಬೆಳಕಿಗೆ ಕಿಟಕಿಯ ಗಾಜಿನಂತೆ ವರ್ತಿಸುತ್ತದೆ. ಹೀಗಾಗಿ ಹಳೆಯ ಸಿಡಿ ಪ್ಲೇಯರಿನ ಕಣ್ಣು ಆ ಪದರನ್ನು ದಾಟಿ ಆಚೆಗಿರುವ ಸಿಡಿಯನ್ನು ಓದುತ್ತದೆ, ನಡುವೆ ಇನ್ನೊಂದು ಧ್ವನಿ ಇದೆಯೆಂಬ ಅರಿವೇ ಇಲ್ಲದೆ. ನಮ್ಮವರು ಮೋಸಹೋಗುವುದು ಇಲ್ಲಿಯೇ: ಡಿಸ್ಕು ಚೆನ್ನಾಗಿಯೇ ಹಾಡುತ್ತದೆ, ಆದರೆ ಹಾಡುತ್ತಿರುವುದು ಎರಡು ಚಾನೆಲ್‌ನ ಸಿಡಿ ಪದರು.

2000ದಲ್ಲಿ ಬಂದ ಪ್ರತಿಸ್ಪರ್ಧಿ ಡಿವಿಡಿ-ಆಡಿಯೋ. ಇದರಲ್ಲಿ 24 ಬಿಟ್, 96 ಕಿಲೋಹರ್ಟ್ಸ್ (ಸೆಕೆಂಡಿಗೆ 96,000 ಅಳತೆ) ಗುಣಮಟ್ಟದ ಆರು ಚಾನೆಲ್‌ಗಳಿಗೆ ಅವಕಾಶವಿದೆ. ಲೆಕ್ಕ ಹಾಕಿದರೆ ಇದು ಸೆಕೆಂಡಿಗೆ ಸುಮಾರು 138 ಲಕ್ಷ ಬಿಟ್ ಆಗುತ್ತದೆ. ಡಿವಿಡಿ-ಆಡಿಯೋ ಕೊಡಬಲ್ಲದ್ದು 96 ಲಕ್ಷ ಮಾತ್ರ. ಆದ್ದರಿಂದ ಧ್ವನಿಯನ್ನು ಅಡಕಮಾಡಿ ತುಂಬುತ್ತಾರೆ. ಅಡಕಮಾಡುವುದರಲ್ಲಿ ಎರಡು ಬಗೆಗಳಿವೆ, ಇದು ಮುಂದೆಯೂ ಬರುವ ಮಾತಾದ್ದರಿಂದ ಸ್ವಲ್ಪ ನಿಂತು ನೋಡಬೇಕು. ಭತ್ತದ ಚೀಲವನ್ನು ಅಲುಗಿಸಿ ಕುಟ್ಟಿದರೆ ಕಾಳು ಒತ್ತಾಗಿ ಕೂರುತ್ತವೆ, ಒಂದು ಕಾಳೂ ಕಡಿಮೆಯಾಗುವುದಿಲ್ಲ. ಇದು ನಷ್ಟವಿಲ್ಲದ ಅಡಕ. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕಾಯಿಸಿ ಬೆಲ್ಲ ಮಾಡಿದರೆ ಸಿಹಿ ಉಳಿಯುತ್ತದೆ, ಸಾಗಿಸಲು ಸುಲಭ, ಆದರೆ ಬೆಲ್ಲಕ್ಕೆ ಎಷ್ಟು ನೀರು ಹೊಯ್ದರೂ ಮತ್ತೆ ಕಬ್ಬಿನ ಹಾಲಾಗುವುದಿಲ್ಲ; ಇದು ನಷ್ಟವಿರುವ ಅಡಕ. ಡಿವಿಡಿ-ಆಡಿಯೋದ ಸರೌಂಡ್ ಭತ್ತದ ಚೀಲ. ಸಿನಿಮಾ ಡಿವಿಡಿಗಳಲ್ಲಿರುವ ಡಾಲ್ಬಿ ಡಿಜಿಟಲ್ ಬೆಲ್ಲ: ಅಲ್ಲಿ ಎಲ್ಲ ಚಾನೆಲ್ ಸೇರಿ ಸೆಕೆಂಡಿಗೆ ಹೆಚ್ಚೆಂದರೆ 4,48,000 ಬಿಟ್.

ಡಿವಿಡಿ-ಆಡಿಯೋ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ. ಮಾಮೂಲು ಡಿವಿಡಿ ಪ್ಲೇಯರಿಗೆ ಹಾಕಿದರೆ ಅದು ಡಾಲ್ಬಿ ಅಥವಾ ಡಿಟಿಎಸ್ ಭಾಗವನ್ನು ನುಡಿಸುತ್ತದೆ. ಅದೂ ಸರೌಂಡೇ, ಆದರೆ ಬೆಲ್ಲದ ಸರೌಂಡು. ಮೂಲ ಭಾಗವನ್ನು ಓದಲು ‘ಡಿವಿಡಿ-ಆಡಿಯೋ’ ಎಂದು ಮುಖದ ಮೇಲೆ ಬರೆದಿರುವ ಪ್ಲೇಯರೇ ಬೇಕು.

ಬ್ಲೂ-ರೇ ಬಂದ ಮೇಲೆ ಈ ತಾಪತ್ರಯಗಳು ಬಹಳಷ್ಟು ತಗ್ಗಿದವು. ಒಂದು ಪದರಿನಲ್ಲಿ 25 ಗಿಗಾಬೈಟ್ ಜಾಗವಿರುವುದರಿಂದ ನಷ್ಟವಿಲ್ಲದ ಸರೌಂಡ್ ಧ್ವನಿ ಆರಾಮವಾಗಿ ಹಿಡಿಸುತ್ತದೆ. ಬಹುತೇಕ ಎಲ್ಲ ಬ್ಲೂ-ರೇ ಪ್ಲೇಯರುಗಳಲ್ಲಿಯೂ ಅದು ನಡೆಯುತ್ತದೆ. ಈಚಿನ ಸಂಗೀತದ ಬ್ಲೂ-ರೇಗಳಲ್ಲಿ ಡಾಲ್ಬಿ ಅಟ್ಮಾಸ್ ಕೂಡ ಇರುತ್ತದೆ. 2012ರಲ್ಲಿ ಚಿತ್ರಮಂದಿರಗಳಿಗೂ 2014ರಲ್ಲಿ ಮನೆಗಳಿಗೂ ಬಂದ ಈ ಪದ್ಧತಿ ಸುತ್ತಲಿನ ಧ್ವನಿಗೆ ಎತ್ತರವನ್ನೂ ಸೇರಿಸುತ್ತದೆ. ದಾಂಡೇಲಿಯ ಕಾಡಿನಲ್ಲಿ ಮಂಗಟ್ಟೆ ಹಕ್ಕಿ ತಲೆಯ ಮೇಲೆ ಹಾರುವಾಗ ರೆಕ್ಕೆಯ ಬೀಸು ಮೇಲಿನಿಂದಲೇ ಕೇಳುತ್ತದಲ್ಲ, ಆ ‘ಮೇಲೆ’ ಎಂಬುದು 5.1ರಲ್ಲಿ ಇರಲಿಲ್ಲ. ಫೋನಿನ ಸ್ಟ್ರೀಮಿಂಗ್ ಸೇವೆಗಳಲ್ಲಿ ಬರುವ ಅಟ್ಮಾಸ್ ಬೆಲ್ಲದ ಬಗೆಯದು, ಡಿಸ್ಕಿನಲ್ಲಿರುವುದು ಭತ್ತದ ಬಗೆಯದು.

ಕೇಬಲ್ಲಿನಲ್ಲಿ ನಿಂತುಹೋಗುವ ಧ್ವನಿ

ಸರಿಯಾದ ಡಿಸ್ಕು, ಸರಿಯಾದ ಪ್ಲೇಯರು ಎರಡೂ ಇದ್ದು ಹಾಡು ಬಾರದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕೇಬಲ್ಲನ್ನು. ಇದನ್ನು ನಾನು ಕಲಿತದ್ದು ಎರಡು ಸಂಜೆಗಳನ್ನು ಹಾಳುಮಾಡಿಕೊಂಡು. ಎಸ್‌ಎಸಿಡಿ ಓದುವ ಹಳೆಯ ಪ್ಲೇಯರೊಂದನ್ನು ಕೊಂಡು, ಆಪ್ಟಿಕಲ್ ಕೇಬಲ್ಲಿನಿಂದ ರಿಸೀವರಿಗೆ ಜೋಡಿಸಿದ್ದೆ. ಸಿಡಿ ಹಾಡಿತು, ಸಿನಿಮಾದ ಡಿವಿಡಿಯಲ್ಲಿ ಐದೂ ಸ್ಪೀಕರು ನುಡಿದವು, ಎಸ್‌ಎಸಿಡಿ ಹಾಕಿದರೆ ಮಾತ್ರ ಸಮಯದ ಅಂಕಿ ಓಡುತ್ತಿದೆ, ಸದ್ದಿಲ್ಲ. ಲೆನ್ಸು ಒರೆಸಿದೆ, ಡಿಸ್ಕು ತೊಳೆದೆ, ಕೊನೆಗೆ ಪ್ಲೇಯರು ಮಾರಿದವರನ್ನು ಮನಸ್ಸಿನಲ್ಲೇ ಬೈದೆ. ಕೈಪಿಡಿಯ ಒಂದು ಮೂಲೆಯಲ್ಲಿ ಉತ್ತರವಿತ್ತು: ಎಸ್‌ಎಸಿಡಿ ಆಡುವಾಗ ಆ ಕಿಂಡಿಯಿಂದ ಧ್ವನಿ ಹೊರಬರುವುದಿಲ್ಲ.

ಕಾರಣ ಎರಡು. ಆಪ್ಟಿಕಲ್ ಮತ್ತು ಕೋಯಾಕ್ಸಿಯಲ್ ಎಂಬ ಹಳೆಯ ಡಿಜಿಟಲ್ ಕಿಂಡಿಗಳು ತೋಟದ ಅರ್ಧ ಇಂಚಿನ ಪೈಪಿನಂತೆ. ಅಡಕಮಾಡದ ಎರಡು ಚಾನೆಲ್ ಅಥವಾ ಬೆಲ್ಲಮಾಡಿದ ಡಾಲ್ಬಿ, ಡಿಟಿಎಸ್ ಅಷ್ಟೇ ಅದರಲ್ಲಿ ಹಿಡಿಸುವುದು. ಇನ್ನೊಂದು, ನಕಲು ಮಾಡುವವರ ಭಯ. ಮೂಲ ಗುಣಮಟ್ಟದ ಡಿಜಿಟಲ್ ಧ್ವನಿ ಕಾವಲಿಲ್ಲದೆ ಹೊರಹೋಗಬಾರದೆಂದು ಎಸ್‌ಎಸಿಡಿ ಮತ್ತು ಡಿವಿಡಿ-ಆಡಿಯೋ ರೂಪಿಸಿದವರು ಆ ಬಾಗಿಲಿಗೆ ಬೀಗ ಹಾಕಿದರು.

ಉಳಿದ ದಾರಿಗಳು ಎರಡು. ಹಳೆಯದು ಆರು ಅನಲಾಗ್ ಕೇಬಲ್ಲುಗಳದ್ದು: ಪ್ಲೇಯರಿನ ಹಿಂದೆ 5.1 ಎಂಬ ಗುರುತಿನಡಿ ಆರು ತೂತುಗಳು, ರಿಸೀವರಿನ ಹಿಂದೆಯೂ ಅಂಥವೇ ಆರು. ಕೆಲಸ ಸರಳ, ಆದರೆ ಒಂದು ತೊಡಕಿದೆ. ಈ ತೂತುಗಳಿಗೆ ಬಂದ ಧ್ವನಿಯನ್ನು ಅನೇಕ ರಿಸೀವರುಗಳು ಮುಟ್ಟದೆ ನೇರವಾಗಿ ಸ್ಪೀಕರಿಗೆ ಕಳಿಸುತ್ತವೆ, ಹಾಗಾಗಿ ಸ್ಪೀಕರಿನ ದೂರ, ಮಟ್ಟ, ಬಾಸಿನ ಹಂಚಿಕೆ ಎಲ್ಲವನ್ನೂ ಪ್ಲೇಯರಿನ ಮೆನುವಿನಲ್ಲಿಯೇ ಹೊಂದಿಸಬೇಕಾಗುತ್ತದೆ.

ಹೊಸ ದಾರಿ ಚಿತ್ರ, ಧ್ವನಿ ಎರಡನ್ನೂ ಒಂದೇ ಕೇಬಲ್ಲಿನಲ್ಲಿ ಸಾಗಿಸುವ ಎಚ್‌ಡಿಎಂಐ. ಇದರ 2004ರ 1.1 ಆವೃತ್ತಿ ಡಿವಿಡಿ-ಆಡಿಯೋಗೆ, 2005ರ 1.2 ಆವೃತ್ತಿ ಎಸ್‌ಎಸಿಡಿಗೆ, 2006ರ 1.3 ಆವೃತ್ತಿ ಬ್ಲೂ-ರೇಯ ನಷ್ಟವಿಲ್ಲದ ಧ್ವನಿಗೆ ದಾರಿ ತೆರೆದವು. ಆದರೆ ಕೇಬಲ್ಲು ಪ್ಲೇಯರಿನಿಂದ ನೇರವಾಗಿ ರಿಸೀವರಿಗೆ ಹೋಗಬೇಕು, ರಿಸೀವರಿನಿಂದ ಇನ್ನೊಂದು ಕೇಬಲ್ಲು ಟೀವಿಗೆ. ಕೋಡಿಬಾಗದ ಮನೆಯಲ್ಲಿ ಇದು ತಿರುವುಮುರುವಾಗಿತ್ತು: ಪ್ಲೇಯರು ಟೀವಿಗೆ, ಟೀವಿಯಿಂದ ಆಪ್ಟಿಕಲ್ ಕೇಬಲ್ಲು ರಿಸೀವರಿಗೆ. ಸಿನಿಮಾದ ಡಾಲ್ಬಿ ಆ ಸುತ್ತುದಾರಿಯಲ್ಲಿಯೂ ನುಸುಳಿ ಬರುತ್ತಿದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಟೀವಿಯಿಂದ ಧ್ವನಿ ಎಚ್‌ಡಿಎಂಐ ಕೇಬಲ್ಲಿನಲ್ಲೇ ರಿಸೀವರಿಗೆ ಮರಳುವ ಎಆರ್‌ಸಿ ಎಂಬ ದಾರಿಗೂ ಇದೇ ಮಿತಿಯಿದೆ, ಅಡಕಮಾಡದ ಬಹುಚಾನೆಲ್ ಧ್ವನಿ ಅದರಲ್ಲಿ ಸಾಗುವುದಿಲ್ಲ. ಅದರ ಸುಧಾರಿತ ರೂಪವಾದ ಇ-ಎಆರ್‌ಸಿಯಲ್ಲಿ ಸಾಗುತ್ತದೆ.

ಮೆನುವಿನೊಳಗಿನ ಎರಡು ಸಾಲು

ಕೇಬಲ್ಲು ಬದಲಿಸಿದ ಮೇಲೂ ಅಲ್ಲಿ ಎರಡೇ ಸ್ಪೀಕರು ಹಾಡುತ್ತಿದ್ದವು. ಎಸ್‌ಎಸಿಡಿ ಓದುವ ಪ್ಲೇಯರುಗಳ ಸೆಟಪ್ ಮೆನುವಿನಲ್ಲಿ ಯಾವ ಪದರನ್ನು ಓದಬೇಕು, ಎಸ್‌ಎಸಿಡಿ ಪದರಿನ ಯಾವ ವಿಭಾಗವನ್ನು ಆಡಿಸಬೇಕು ಎಂದು ಕೇಳುವ ಸಾಲುಗಳಿರುತ್ತವೆ. ಮೊದಲನೆಯದು ‘ಸಿಡಿ’ ಎಂದಿದ್ದರೆ ‘ಎಸ್‌ಎಸಿಡಿ’ ಎಂದೂ, ಎರಡನೆಯದು ‘2 ಚಾನೆಲ್’ ಎಂದಿದ್ದರೆ ‘ಮಲ್ಟಿ’ ಎಂದೂ ಬದಲಿಸಬೇಕು. ಕೋಡಿಬಾಗದ ಬ್ಲೂ-ರೇ ಪ್ಲೇಯರೂ ಎಸ್‌ಎಸಿಡಿ ಓದುವಂಥದ್ದೇ, ಅದರಲ್ಲಿ ಎರಡನೆಯ ಸಾಲು ‘2 ಚಾನೆಲ್’ ಎಂದಿತ್ತು. ಡಿಎಸ್‌ಡಿಯನ್ನು ಅರಿಯದ ರಿಸೀವರಾದರೆ ಪ್ಲೇಯರಿನಲ್ಲಿ ಡಿಎಸ್‌ಡಿ ಹೊರಹರಿವನ್ನು ನಿಲ್ಲಿಸಿಟ್ಟರಾಯಿತು, ಆಗ ಪ್ಲೇಯರೇ ಧ್ವನಿಯನ್ನು ಪಿಸಿಎಂ ಎಂಬ ಸಾಮಾನ್ಯ ರೂಪಕ್ಕೆ ಪರಿವರ್ತಿಸಿ ಕಳಿಸುತ್ತದೆ.

ದಾರಿ ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಕಿವಿಗಿಂತ ರಿಸೀವರಿನ ಮುಖದ ಮೇಲಿನ ಅಕ್ಷರಗಳನ್ನು ನಂಬುವುದು ಒಳ್ಳೆಯದು. ‘ಮಲ್ಟಿ ಚಾನೆಲ್ ಡಿಎಸ್‌ಡಿ’ ಅಥವಾ ‘ಮಲ್ಟಿ ಚಾನೆಲ್ ಪಿಸಿಎಂ’ ಎಂದು ಕಂಡರೆ ಡಿಸ್ಕಿನ ಎಲ್ಲ ಧಾರೆಗಳೂ ಬಂದಿವೆ. ‘ಪ್ರೋ ಲಾಜಿಕ್’ ಎಂದು ಕಂಡರೆ, ಬಂದಿರುವುದು ಎರಡೇ ಧಾರೆ, ರಿಸೀವರು ಅವನ್ನೇ ಹಿಗ್ಗಿಸಿ ಐದಕ್ಕೆ ಹಂಚುತ್ತಿದೆ. ಹಿಂದಿನ ಸ್ಪೀಕರು ಬಾಯಿ ಬಿಟ್ಟಿತೆಂಬ ಮಾತ್ರಕ್ಕೆ ಡಿಸ್ಕಿನ ಸರೌಂಡ್ ಕೇಳುತ್ತಿದ್ದೇವೆಂದು ತಿಳಿಯಬಾರದು.

ಸ್ಪೀಕರಿನ ಜಾಗ, ಕುರ್ಚಿಯ ಜಾಗ

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ, ಕೇಳುಗನ ನೇರ ಎದುರನ್ನು ಸೊನ್ನೆ ಡಿಗ್ರಿ ಎಂದಿಟ್ಟುಕೊಂಡರೆ, ಎದುರಿನ ಎಡ-ಬಲ ಸ್ಪೀಕರುಗಳು 30 ಡಿಗ್ರಿಯಲ್ಲಿಯೂ ಹಿಂದಿನವು 100ರಿಂದ 120 ಡಿಗ್ರಿಯ ನಡುವೆಯೂ ಇರಬೇಕು. ಕೋನಮಾಪಕ ಬೇಡ. ಕುರ್ಚಿಯಲ್ಲಿ ಕುಳಿತು ಎರಡೂ ತೋಳುಗಳನ್ನು ಪಕ್ಕಕ್ಕೆ ನೇರವಾಗಿ ಚಾಚಿದರೆ ಅದು 90 ಡಿಗ್ರಿ. ಅಲ್ಲಿಂದ ತೋಳನ್ನು ತುಸು ಹಿಂದಕ್ಕೆ ಸರಿಸಿದಾಗ ಬೆರಳು ತೋರುವ ದಿಕ್ಕೇ ಹಿಂದಿನ ಸ್ಪೀಕರಿನದು. ಅಂದರೆ ಅವು ನಿಜಕ್ಕೂ ಪಕ್ಕದ ಸ್ಪೀಕರುಗಳು. ನಮ್ಮಲ್ಲಿ ಬಹುತೇಕರು ಅವನ್ನು ಹಿಂದಿನ ಗೋಡೆಯ ಮೂಲೆಯಲ್ಲಿ, ಜಂತಿಯ ಹತ್ತಿರ, ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿರುತ್ತಾರೆ. ಸಿನಿಮಾಕ್ಕೆ ಅದು ನಡೆಯುತ್ತದೆ. ಸಂಗೀತದಲ್ಲಿ ಮಾತ್ರ ಎದುರಿಗೂ ಹಿಂದಕ್ಕೂ ನಡುವೆ ಹರಿದ ಬಟ್ಟೆಯಂತೆ ಕಂಡಿ ಬೀಳುತ್ತದೆ.

ಐದೂ ಸ್ಪೀಕರು ಕುರ್ಚಿಯಿಂದ ಸಮದೂರದಲ್ಲಿರಬೇಕೆಂಬುದು ಆದರ್ಶ, ಮನೆಗಳಲ್ಲಿ ಅದು ಸಾಧ್ಯವಾಗುವುದು ಅಪರೂಪ. ಧ್ವನಿ ನಮ್ಮ ಸೆಕೆಯ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 347 ಮೀಟರು ಸಾಗುತ್ತದೆ, ಅಂದರೆ ಒಂದು ಮೀಟರಿಗೆ ಸುಮಾರು ಮೂರು ಮಿಲಿಸೆಕೆಂಡು. ಹಿಂದಿನದು ಎದುರಿನದಕ್ಕಿಂತ ಒಂದು ಮೀಟರು ಹತ್ತಿರವಿದ್ದರೆ ಅದರ ಧ್ವನಿಯನ್ನು ಅಷ್ಟು ಹೊತ್ತು ತಡೆಹಿಡಿಯಬೇಕು. ಟೇಪಿನಿಂದ ಅಳೆದ ದೂರಗಳನ್ನು ರಿಸೀವರಿನ ಮೆನುವಿನಲ್ಲಿ ತುಂಬಿದರೆ ಈ ಲೆಕ್ಕವನ್ನು ಅದೇ ಮಾಡಿಕೊಳ್ಳುತ್ತದೆ. ಅನಂತರ ಅದರ ಪರೀಕ್ಷಾ ಧ್ವನಿಯನ್ನು ಹಾಕಬೇಕು. ಜಲಪಾತದ ಮೊರೆತದಂಥ ಸದ್ದು ಒಂದೊಂದೇ ಸ್ಪೀಕರಿನಿಂದ ಸರದಿಯಂತೆ ಬರುತ್ತದೆ, ಕುರ್ಚಿಯಲ್ಲಿ ಕುಳಿತವರಿಗೆ ಎಲ್ಲವೂ ಒಂದೇ ಮಟ್ಟದಲ್ಲಿ ಕೇಳುವಂತೆ ಹೊಂದಿಸಬೇಕು. ಮಟ್ಟಗಳನ್ನು ಹೋಲಿಸಲು ಫೋನಿನ ಧ್ವನಿಮಾಪಕ ಆ್ಯಪ್ ಸಾಕು.

ಚಿಕ್ಕ ಸ್ಪೀಕರುಗಳನ್ನು ಮೆನುವಿನಲ್ಲಿ ‘ಸ್ಮಾಲ್’ ಎಂದೇ ಗುರುತಿಸಬೇಕು, ಅದರಲ್ಲಿ ಅವಮಾನವೇನಿಲ್ಲ. ಹಾಗೆ ಮಾಡಿದಾಗ, ಸಾಮಾನ್ಯವಾಗಿ 80 ಹರ್ಟ್ಸ್‌ಗಿಂತ ಕೆಳಗಿನ ಧ್ವನಿಯೆಲ್ಲ ಬಾಸ್ ಪೆಟ್ಟಿಗೆಗೆ ಹೋಗುತ್ತದೆ. ಅಷ್ಟು ಆಳದ ಧ್ವನಿಯ ದಿಕ್ಕನ್ನು ಕಿವಿ ಸುಲಭವಾಗಿ ಗುರುತಿಸಲಾರದು, ಆದ್ದರಿಂದ ಆ ಪೆಟ್ಟಿಗೆ ಒಂದು ಪಕ್ಕದಲ್ಲಿದ್ದರೂ ಬಾಧಕವಿಲ್ಲ.

ಕೋಣೆಯೂ ಒಂದು ವಾದ್ಯವೇ. ಕಾವಿ ಬಣ್ಣದ ಸಿಮೆಂಟು ನೆಲ, ಬೋಳು ಗೋಡೆಗಳ ತಾರಸಿ ಮನೆಯಲ್ಲಿ ಚಪ್ಪಾಳೆ ತಟ್ಟಿದರೆ ಟಣ್ಣೆಂದು ಮರುದನಿ ಬರುತ್ತದೆ. ಆ ಮರುದನಿ ಡಿಸ್ಕಿನಲ್ಲಿರುವ ಸಭಾಂಗಣದ ಸೂಕ್ಷ್ಮ ಗುಂಗನ್ನು ನುಂಗಿಬಿಡುತ್ತದೆ. ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ, ಎದುರು ಗೋಡೆಗೆ ಪುಸ್ತಕದ ಕಪಾಟು ಇದ್ದರೆ ಬಹಳ ಸುಧಾರಿಸುತ್ತದೆ. ಮಾಡು ಎತ್ತರವಾಗಿ ಇಳಿಜಾರಾಗಿರುವ ಹಳೆಯ ಹೆಂಚಿನ ಮನೆಗಳು ಈ ವಿಷಯದಲ್ಲಿ ಪುಣ್ಯವಂತರವು, ಮಳೆ ಶುರುವಾಗುವ ತನಕ.

ಉಪ್ಪುಗಾಳಿ ಮತ್ತು ಬೂಷ್ಟು

ಕಡಲ ಬದಿಯ ಗಾಳಿ ಸ್ಪೀಕರಿನ ತಾಮ್ರದ ತಂತಿಯ ತುದಿಗೆ ಹಸಿರು ಕಿಲುಬು ಹಿಡಿಸುತ್ತದೆ. ವರ್ಷಕ್ಕೊಮ್ಮೆ ತುದಿಯನ್ನು ಕತ್ತರಿಸಿ ಹೊಸದಾಗಿ ಸುಲಿದು ಜೋಡಿಸಬೇಕು, ಆಗ ಕೆಂಪು-ಕಪ್ಪು ಅದಲುಬದಲಾಗದಂತೆ ನೋಡಿಕೊಳ್ಳಬೇಕು. ಒಂದರಲ್ಲಿ ತಿರುವಾದರೂ ಬಾಸು ಟೊಳ್ಳಾಗುತ್ತದೆ. ಮಳೆಗಾಲದಲ್ಲಿ ಡಿಸ್ಕಿನ ಮೇಲೆ ಬೂಷ್ಟಿನ ಮಸುಕು ಮೂಡಿದರೆ ಒದ್ದೆಮಾಡಿದ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರ ಗೆರೆಯಲ್ಲಿ ಒರೆಸಬೇಕು. ಸುತ್ತುಸುತ್ತಾಗಿ ಒರೆಸಿದರೆ ಬೀಳುವ ಗೀರು ಲೇಸರಿನ ಹಾದಿಯ ಉದ್ದಕ್ಕೂ ಬೀಳುತ್ತದೆ, ಅದನ್ನು ಸರಿತೂಗಿಸುವುದು ಪ್ಲೇಯರಿಗೆ ಕಷ್ಟ.

ಕೋಡಿಬಾಗದಲ್ಲಿ ಪರೀಕ್ಷಾ ಧ್ವನಿ ಹಾಕಿದಾಗ ಇನ್ನೊಂದು ಸಂಗತಿ ಹೊರಬಿತ್ತು. ರಿಸೀವರು ‘ಹಿಂದಿನ ಎಡ’ ಎನ್ನುವಾಗ ಸದ್ದು ಬಲಗಡೆಯಿಂದ ಬರುತ್ತಿತ್ತು. ಬಣ್ಣ ಬಳಿಯಲು ಸ್ಪೀಕರು ಇಳಿಸಿ ಮತ್ತೆ ಏರಿಸುವಾಗ ತಂತಿಗಳು ಅದಲುಬದಲಾಗಿದ್ದವು. ಸಿನಿಮಾ ನೋಡಿದ ಅಷ್ಟು ದಿನವೂ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ತಂತಿ ಸರಿಮಾಡಿ, ಪೆಟ್ಟಿಗೆಯ ಡಿಸ್ಕುಗಳನ್ನು ನೆಲದ ಮೇಲೆ ಹರಡಿ ಗುರುತು ನೋಡಿ ವಿಂಗಡಿಸಿದೆವು. ಮಲ್ಟಿ ಚಾನೆಲ್ ಎಸ್‌ಎಸಿಡಿಗಳು ಒಂಬತ್ತು, ಸ್ಟೀರಿಯೋ ಮಾತ್ರ ಇರುವ ಎಸ್‌ಎಸಿಡಿಗಳು ನಾಲ್ಕು, ಮಾಮೂಲು ಸಿಡಿಗಳು ಆರು. ಡಿವಿಡಿ-ಆಡಿಯೋ ಎರಡಿದ್ದವು, ಆ ಪ್ಲೇಯರಿಗೆ ಅವುಗಳ ಡಾಲ್ಬಿ ಭಾಗವಷ್ಟೇ ಸಿಗುತ್ತದೆ. ಕೊನೆಯ ಒಂದರ ಮೇಲೆ, ಹಾಳಾಗಿದೆ ಎಂದು ಹುಡುಗ ಪೆನ್ನಿನಿಂದ ಅಡ್ಡಗೆರೆ ಎಳೆದಿದ್ದ. ಅದು ಡಿಟಿಎಸ್ ಸಿಡಿ.